ಜಾಲತಾಣದ ಆಡ್-ಆನ್ ಸಂಗ್ರಹಗಳು: ಬಳಕೆದಾರರ ಅನುಭವ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ವನದುರ್ಗದಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಪ್ರತಿಯೊಂದು ಗ್ರಾಮ ಪಂಚಾಯತಿ ಕಚೇರಿಯಲ್ಲಿಯೂ ಒಂದು ಸೂಚನಾ ಫಲಕವಿರುತ್ತದೆ. ಗ್ರಾಮ ಸಭೆಯ ದಿನಾಂಕ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ತೆರಿಗೆ ಪಾವತಿಯ ತಿಳಿವಳಿಕೆ, ಟೆಂಡರ್ ಪ್ರಕಟಣೆ ಇವೆಲ್ಲವೂ ಆ ಫಲಕದ ಮೇಲೆ ಕಾಣಿಸುತ್ತವೆ. ಊರಿನಲ್ಲಿ ನೆಲೆಸಿದವರಿಗೆ ಅಷ್ಟು ಸಾಕಾಗಬಹುದು. ಆದರೆ ಶಹಾಪುರ ಮತ್ತು ಸುರಪುರ ಭಾಗದ ಅನೇಕ ಕುಟುಂಬಗಳು ವರ್ಷದ ಕೆಲವು ತಿಂಗಳುಗಳನ್ನು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಕಟ್ಟಡ ಕೆಲಸ ಮಾಡುತ್ತ ಕಳೆಯುತ್ತವೆ. ಅವರಿಗೆ ಊರಿನ ಫಲಕ ಕಾಣುವುದು ಕೈಯಲ್ಲಿರುವ ಮೊಬೈಲಿನಲ್ಲಿ ಮಾತ್ರ. ಗ್ರಾಮ ಸಭೆಯ ಸೂಚನೆ ಅವರಿಗೆ ತಲುಪದಿದ್ದರೆ, ಪಟ್ಟಿಯಲ್ಲಿ ತಮ್ಮ ಹೆಸರು ಬಿಟ್ಟುಹೋಗಿರುವುದು ಆಕ್ಷೇಪಣೆಯ ಅವಧಿ ಮುಗಿದ ಮೇಲಷ್ಟೇ ಅವರ ಗಮನಕ್ಕೆ ಬರುತ್ತದೆ. ಪಂಚಾಯತಿಯ ಜಾಲತಾಣದ ವಿಚಾರವನ್ನು ಈ ದೃಷ್ಟಿಯಿಂದಲೇ ನೋಡಬೇಕಾಗಿದೆ.

ಕಾನೂನಿನ ಆಶಯವೂ ಇದೇ ಆಗಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಬಿ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಅಂಶಗಳನ್ನು ಪಟ್ಟಿ ಮಾಡಿದೆ. ಸಿಬ್ಬಂದಿಯ ವಿವರ, ಆಯವ್ಯಯ, ಸಹಾಯಧನ ಕಾರ್ಯಕ್ರಮಗಳ ಅನುಷ್ಠಾನ ಮತ್ತು ಫಲಾನುಭವಿಗಳ ವಿವರ, ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರು ಇವು ಅವುಗಳಲ್ಲಿ ಕೆಲವು. ಗ್ರಾಮ ಪಂಚಾಯತಿಯೂ ಸಾರ್ವಜನಿಕ ಪ್ರಾಧಿಕಾರವೇ ಆಗಿರುವುದರಿಂದ ಈ ಹೊಣೆಯಿಂದ ಅದು ಹೊರತಾಗಿಲ್ಲ.

ಸಂಪಾದಕ ಮತ್ತು ಆಡ್-ಆನ್ ಎಂದರೇನು?

ಜಾಲತಾಣವನ್ನು ಕಟ್ಟುವುದಕ್ಕೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ತಂತ್ರಾಂಶ ವರ್ಡ್‌ಪ್ರೆಸ್. 2003ರಲ್ಲಿ ಹೊರಬಂದ ಇದು ಮುಕ್ತ ತಂತ್ರಾಂಶ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಜಗತ್ತಿನ ಒಟ್ಟು ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಇದರ ಮೇಲೆಯೇ ನಡೆಯುತ್ತಿವೆ. ಇದರ ಮೇಲೆ ಎಲಿಮೆಂಟರ್ ಎಂಬ ಪುಟ ಸಂಪಾದಕವು 2016ರಲ್ಲಿ ಬಂದಿತು. ಕೋಡ್ ಬರೆಯಲು ತಿಳಿಯದವರೂ ಶೀರ್ಷಿಕೆ, ಚಿತ್ರ, ಕೋಷ್ಟಕಗಳನ್ನು ಮೌಸಿನಿಂದ ಎಳೆದು ತಂದು ಪುಟ ಕಟ್ಟಬಹುದೆಂಬುದು ಇದರ ವಿಶೇಷ.

ಈ ಸಂಪಾದಕದ ಮೇಲೆ ಮತ್ತೊಂದು ಪದರವಾಗಿ ಬರುವುದೇ ಆಡ್-ಆನ್ ಸಂಗ್ರಹ. ಸಂಪಾದಕದಲ್ಲಿ ಇಲ್ಲದ ಘಟಕಗಳನ್ನು ಬೇರೆ ಸಂಸ್ಥೆಗಳು ಸಿದ್ಧಪಡಿಸಿ ಒಂದು ಕಟ್ಟಾಗಿ ನೀಡುತ್ತವೆ. ಚಲಿಸುವ ಶೀರ್ಷಿಕೆ, ಚಿತ್ರಗಳ ಸಾಲು, ಎಣಿಕೆ ಗಡಿಯಾರ, ಲಾಗಿನ್ ನಮೂನೆ, ಸುದ್ದಿ ಪಟ್ಟಿ ಮುಂತಾಗಿ ಒಂದೊಂದು ಸಂಗ್ರಹದಲ್ಲಿ ಹತ್ತಾರು ಘಟಕಗಳಿರುತ್ತವೆ. ಕೆಲವು ಸಂಗ್ರಹಗಳಲ್ಲಿ ಅವುಗಳ ಸಂಖ್ಯೆ ನೂರನ್ನು ಸಮೀಪಿಸುತ್ತದೆ. ಸಂಗ್ರಹದ ಒಂದು ಭಾಗ ಉಚಿತವಾಗಿದ್ದು, ಉಳಿದ ಭಾಗಕ್ಕೆ ವಾರ್ಷಿಕ ಶುಲ್ಕವಿರುವುದು ಸಾಮಾನ್ಯ. ಜಾಲತಾಣ ಮಾಡಿಕೊಡುವ ಗುತ್ತಿಗೆದಾರರು ಕಡಿಮೆ ಸಮಯದಲ್ಲಿ ಆಕರ್ಷಕ ಪುಟವನ್ನು ತೋರಿಸಲು ಇವುಗಳನ್ನೇ ನೆಚ್ಚಿಕೊಳ್ಳುತ್ತಾರೆ.

ಬಳಕೆದಾರರು ಕಂಡ ಅನುಕೂಲ

ಆಡ್-ಆನ್ ಬಳಸಿದವರು ಮೊದಲು ಹೇಳುವುದು ಅನುಕೂಲದ ಮಾತನ್ನೇ. ತಿಂಗಳು ಹಿಡಿಯುತ್ತಿದ್ದ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ಸಿಬ್ಬಂದಿಗೆ ಅಲ್ಪ ತರಬೇತಿ ನೀಡಿದರೆ ಪ್ರಕಟಣೆಗಳನ್ನು ಅವರೇ ಸೇರಿಸಬಹುದು. ಪ್ರಕಟಣೆಗಳನ್ನು ದಿನಾಂಕದ ಕ್ರಮದಲ್ಲಿ ತಾನಾಗಿ ಜೋಡಿಸುವ ಘಟಕ, ಉದ್ದನೆಯ ಪಟ್ಟಿಯಲ್ಲಿ ಹೆಸರು ಹುಡುಕಲು ನೆರವಾಗುವ ಕೋಷ್ಟಕ ಘಟಕ ಇವು ಪಂಚಾಯತಿಯಂತಹ ಸಂಸ್ಥೆಗೂ ನಿಜವಾಗಿ ಉಪಯುಕ್ತ. ಆದುದರಿಂದ ಆಡ್-ಆನ್‌ಗಳನ್ನು ಸಾರಾಸಗಟಾಗಿ ತಿರಸ್ಕರಿಸಬೇಕಾದ ಅಗತ್ಯವಿಲ್ಲ. ತೊಂದರೆ ಆರಂಭವಾಗುವುದು ಜಾಲತಾಣ ಉದ್ಘಾಟನೆಯಾಗಿ, ಮಾಡಿಕೊಟ್ಟವರು ಹೊರಟುಹೋದ ನಂತರ. ಅಂತಹ ತೊಂದರೆಗಳು ಮುಖ್ಯವಾಗಿ ಐದು.

ಒಂದು: ಪುಟದ ಭಾರ

ಒಂದೇ ಘಟಕ ಬೇಕಾಗಿದ್ದರೂ ಇಡೀ ಸಂಗ್ರಹವನ್ನು ಸ್ಥಾಪಿಸಬೇಕಾಗುತ್ತದೆ. ಪ್ರತಿಯೊಂದು ಸಂಗ್ರಹವೂ ತನ್ನ ವಿನ್ಯಾಸ ಕಡತಗಳನ್ನೂ ಕಾರ್ಯಕಡತಗಳನ್ನೂ ಪುಟಕ್ಕೆ ಸೇರಿಸುತ್ತದೆ. ಎರಡು ಮೂರು ಸಂಗ್ರಹಗಳು ಒಟ್ಟಾದಾಗ ಪುಟ ತೆರೆಯುವುದು ನಿಧಾನವಾಗುತ್ತದೆ. ಲೆಕ್ಕ ಸರಳವಾಗಿದೆ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 4 ಮೆಗಾಬೈಟ್ ತೂಕದ ಪುಟ ಇಳಿಯಲು ಕನಿಷ್ಠ 32 ಸೆಕೆಂಡು ಬೇಕು. ಅದೇ ಮಾಹಿತಿಯನ್ನು 400 ಕಿಲೋಬೈಟ್‌ನಲ್ಲಿ ಕೊಟ್ಟರೆ 3 ಸೆಕೆಂಡಿನ ಆಸುಪಾಸಿನಲ್ಲಿ ಇಳಿಯುತ್ತದೆ. ಕಚೇರಿಯ ಗಣಕಯಂತ್ರದಲ್ಲಿ ಈ ವ್ಯತ್ಯಾಸ ಕಾಣಿಸದು. ನೆಟ್‌ವರ್ಕ್ ದುರ್ಬಲವಿರುವ ಹೊಲದ ಬದುವಿನಲ್ಲಿ ನಿಂತು ನೋಡುವ ರೈತನಿಗೆ, ನಗರದ ಶೆಡ್ಡಿನಲ್ಲಿ ಡೇಟಾ ಎಣಿಸಿ ಬಳಸುವ ಕಾರ್ಮಿಕನಿಗೆ ಅದು ಕಾಣಿಸುತ್ತದೆ. ಆಡ್-ಆನ್ ಸಂಗ್ರಹಗಳಲ್ಲಿ ಬೇಡವಾದ ಘಟಕಗಳನ್ನು ಒಂದೊಂದಾಗಿ ಆಫ್ ಮಾಡುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಅದನ್ನು ಬಳಸುವಂತೆ ಗುತ್ತಿಗೆದಾರರಿಗೆ ಆರಂಭದಲ್ಲಿಯೇ ಸೂಚಿಸುವುದು ಒಳಿತು.

ಎರಡು: ಕನ್ನಡದ ಅಕ್ಷರ

ಈ ಆಡ್-ಆನ್‌ಗಳಲ್ಲಿ ಹೆಚ್ಚಿನವು ರೂಪುಗೊಂಡಿರುವುದು ಇಂಗ್ಲಿಷ್ ಅಕ್ಷರಗಳನ್ನು ಗಮನದಲ್ಲಿಟ್ಟುಕೊಂಡು. ಅಕ್ಷರ ಅಕ್ಷರವಾಗಿ ಮೂಡಿಬರುವ ಶೀರ್ಷಿಕೆಯ ಘಟಕ ಬಹಳ ಜನಪ್ರಿಯ. ಅದು ಪದವನ್ನು ಬಿಡಿಬಿಡಿಯಾಗಿ ಒಡೆದು ಒಂದರ ನಂತರ ಒಂದರಂತೆ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಇದರಿಂದ ಕೆಡುಕಿಲ್ಲ. ಕನ್ನಡದಲ್ಲಿ ಏನಾಗುತ್ತದೆಂಬುದಕ್ಕೆ ಈ ಊರಿನ ಹೆಸರೇ ಉದಾಹರಣೆ. ಓದುವವರಿಗೆ "ವನದುರ್ಗ" ಎಂಬುದು ನಾಲ್ಕು ಅಕ್ಷರ: ವ, ನ, ದು, ರ್ಗ. ಗಣಕಯಂತ್ರದಲ್ಲಿ ಅದು ಏಳು ಸಂಕೇತಗಳಾಗಿ ಇರುತ್ತದೆ: ವ, ನ, ದ, ಉಕಾರದ ಚಿಹ್ನೆ, ರ, ವಿರಾಮದ ಚಿಹ್ನೆ, ಗ. ಘಟಕವು ಈ ಏಳನ್ನೂ ಬೇರೆ ಬೇರೆಯಾಗಿ ಒಡೆದರೆ ಉಕಾರವು ದಕಾರವನ್ನು ಬಿಟ್ಟು ಒಂಟಿಯಾಗಿ ನಿಲ್ಲುತ್ತದೆ. ಅರ್ಕಾವತ್ತು ಮೂಡುವುದೇ ಇಲ್ಲ. ಊರಿನ ಹೆಸರನ್ನೇ ತಪ್ಪಾಗಿ ತೋರಿಸುವ ಜಾಲತಾಣ ಊರಿನವರ ವಿಶ್ವಾಸವನ್ನು ಗಳಿಸಲಾರದು. "ಗ್ರಾಮ", "ಪ್ರಕಟಣೆ", "ಸ್ತ್ರೀಶಕ್ತಿ" ಮುಂತಾಗಿ ಒತ್ತಕ್ಷರವಿರುವ ಎಲ್ಲ ಪದಗಳಿಗೂ ಇದೇ ಅಪಾಯವಿದೆ.

ಇದನ್ನು ತಪ್ಪಿಸಲು ಕೆಲವರು ಕನ್ನಡ ಪಠ್ಯವನ್ನು ಚಿತ್ರವಾಗಿ ಮಾಡಿ ಹಾಕುತ್ತಾರೆ. ಚಿತ್ರದಲ್ಲಿರುವ ಹೆಸರನ್ನು ಹುಡುಕಾಟದ ಸಾಧನ ಕಾಣದು. ದೃಷ್ಟಿದೋಷವುಳ್ಳವರು ಬಳಸುವ ಓದು ತಂತ್ರಾಂಶಕ್ಕೂ ಅದು ದಕ್ಕದು. ಹಳೆಯ ನುಡಿ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಕಡತವನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ, ಆ ವಿನ್ಯಾಸವಿಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪಂಚಾಯತಿಯ ಎಲ್ಲ ಪಠ್ಯವೂ ಯೂನಿಕೋಡ್‌ನಲ್ಲಿ ಇರಬೇಕೆಂಬ ನಿಯಮ ಇದಕ್ಕೆ ಉತ್ತರ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ ಮೊದಲು ಹೊರಬಂದು, ಅದರ ಮೂರನೆಯ ಆವೃತ್ತಿ 2023ರಲ್ಲಿ ಪ್ರಕಟವಾಗಿದೆ. ವಿಕಲಚೇತನರೂ ಬಳಸುವಂತೆ ಪುಟಗಳಿರಬೇಕೆಂಬುದನ್ನು ಅದು ಒತ್ತಿ ಹೇಳುತ್ತದೆ.

ಮೂರು: ನವೀಕರಣದ ದಿನ

ವರ್ಡ್‌ಪ್ರೆಸ್ ಒಬ್ಬರದು, ಸಂಪಾದಕ ಇನ್ನೊಬ್ಬರದು, ಆಡ್-ಆನ್ ಮತ್ತೊಬ್ಬರದು. ಮೂವರೂ ತಮ್ಮ ತಮ್ಮ ಕಾಲಕ್ಕೆ ಹೊಸ ಆವೃತ್ತಿಗಳನ್ನು ಹೊರತರುತ್ತಾರೆ. ಒಂದು ಬದಲಾದಾಗ ಇನ್ನೊಂದು ಅದಕ್ಕೆ ಹೊಂದಿಕೊಳ್ಳದಿದ್ದರೆ ಪುಟ ಮುರಿಯುತ್ತದೆ. 2020ರ ಆಗಸ್ಟ್ ತಿಂಗಳಿನಲ್ಲಿ ವರ್ಡ್‌ಪ್ರೆಸ್ 5.5 ಆವೃತ್ತಿ ಬಂದಾಗ ಜೆಕ್ವೆರಿ ಮೈಗ್ರೇಟ್ ಎಂಬ ಹಳೆಯ ಸಹಾಯಕ ಕಡತವನ್ನು ಕೈಬಿಡಲಾಯಿತು. ಅದನ್ನೇ ನೆಚ್ಚಿದ್ದ ಅನೇಕ ಹಳೆಯ ವಿನ್ಯಾಸಗಳೂ ಪೂರಕ ತಂತ್ರಾಂಶಗಳೂ ಒಮ್ಮೆಲೇ ಕೆಲಸ ನಿಲ್ಲಿಸಿದವು. ಪರಿಹಾರಕ್ಕೆಂದೇ ತಾತ್ಕಾಲಿಕವಾದ ಪ್ರತ್ಯೇಕ ಪ್ಲಗಿನ್ ಒಂದನ್ನು ಬಿಡುಗಡೆ ಮಾಡಬೇಕಾಯಿತು.

ಇಂತಹ ಅನುಭವದಿಂದ ಹೆದರಿದವರು ನವೀಕರಣವನ್ನೇ ನಿಲ್ಲಿಸಿಬಿಡುತ್ತಾರೆ. ಅದು ಇನ್ನೂ ದೊಡ್ಡ ಅಪಾಯಕ್ಕೆ ದಾರಿ. ಜಾಲತಾಣದ ಒಂದು ಪ್ರತಿಯನ್ನು ಪ್ರತ್ಯೇಕವಾಗಿಟ್ಟು, ನವೀಕರಣವನ್ನು ಮೊದಲು ಅದರ ಮೇಲೆ ಪರೀಕ್ಷಿಸಿ, ಬಳಿಕ ಮೂಲ ತಾಣಕ್ಕೆ ಅನ್ವಯಿಸುವುದೇ ಸರಿಯಾದ ಕ್ರಮ.

ನಾಲ್ಕು: ಭದ್ರತೆ

ವನದುರ್ಗ ಎಂಬ ಹೆಸರಿನ ಅರ್ಥವೇ ಕಾಡಿನ ಕೋಟೆ. ಕೋಟೆಯನ್ನು ಕಂಡು ಬೆಳೆದ ಊರಿಗೆ ಬಾಗಿಲಿನ ಮಾತನ್ನು ವಿವರಿಸಬೇಕಾಗಿಲ್ಲ: ಬಾಗಿಲು ಹೆಚ್ಚಿದಷ್ಟೂ ಕಾವಲು ಹೆಚ್ಚಬೇಕು. ಪ್ರತಿಯೊಂದು ಆಡ್-ಆನ್ ಸಹ ಜಾಲತಾಣಕ್ಕೆ ಇಡುವ ಇನ್ನೊಂದು ಬಾಗಿಲು.

ಎಲಿಮೆಂಟರ್‌ಗೆ ಸಂಬಂಧಿಸಿದ ಎರಡು ಪ್ರಕರಣಗಳು ಇದನ್ನು ಸ್ಪಷ್ಟಪಡಿಸುತ್ತವೆ. ಎಸೆನ್ಶಿಯಲ್ ಆಡ್ಆನ್ಸ್ ಎಂಬ ಸಂಗ್ರಹವು ಹತ್ತು ಲಕ್ಷಕ್ಕೂ ಹೆಚ್ಚು ಜಾಲತಾಣಗಳಲ್ಲಿ ಬಳಕೆಯಲ್ಲಿತ್ತು. 2023ರ ಮೇ ತಿಂಗಳಿನಲ್ಲಿ ಅದರಲ್ಲೊಂದು ಗಂಭೀರ ದೋಷ ಪತ್ತೆಯಾಯಿತು. ಪಾಸ್‌ವರ್ಡ್ ಬದಲಾಯಿಸುವ ಕೋರಿಕೆ ಬಂದಾಗ, ಕೋರಿದವರು ನಿಜವಾದ ಬಳಕೆದಾರರೇ ಎಂಬುದನ್ನು ಖಚಿತಪಡಿಸುವ ಕೀಲಿಯನ್ನು ಆ ಸಂಗ್ರಹ ಪರಿಶೀಲಿಸುತ್ತಿರಲಿಲ್ಲ. ನಿರ್ವಾಹಕರ ಬಳಕೆದಾರ ಹೆಸರು ತಿಳಿದಿದ್ದರೆ ಸಾಕು, ಹೊರಗಿನ ಯಾರೇ ಆದರೂ ಅವರ ಪಾಸ್‌ವರ್ಡ್ ಬದಲಾಯಿಸಿ ಇಡೀ ತಾಣವನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಮೇ 11ರಂದು 5.7.2 ಆವೃತ್ತಿಯಲ್ಲಿ ದೋಷವನ್ನು ಸರಿಪಡಿಸಲಾಯಿತು. ಕೆಲವೇ ದಿನಗಳಲ್ಲಿ, ಇನ್ನೂ ನವೀಕರಿಸದ ತಾಣಗಳನ್ನು ಹುಡುಕುವ ಸ್ವಯಂಚಾಲಿತ ಯತ್ನಗಳು ಭಾರೀ ಪ್ರಮಾಣದಲ್ಲಿ ಆರಂಭವಾದವು. ತಕ್ಷಣ ನವೀಕರಿಸಿದವರಿಗೆ ರಕ್ಷಣೆ ದೊರೆಯಿತು. ನವೀಕರಿಸುವವರೇ ಇಲ್ಲದ ತಾಣಗಳ ಬಾಗಿಲು ತೆರೆದೇ ಉಳಿಯಿತು.

ಎರಡನೆಯದು 2021ರ ಮಾರ್ಚ್ ತಿಂಗಳಿನದು. ದಿ ಪ್ಲಸ್ ಆಡ್ಆನ್ಸ್ ಎಂಬ ಸಂಗ್ರಹದ ಶುಲ್ಕಸಹಿತ ಆವೃತ್ತಿಯಲ್ಲಿ ಲಾಗಿನ್ ಮತ್ತು ನೋಂದಣಿ ಘಟಕದ ದೋಷವನ್ನು, ಪರಿಹಾರ ಸಿದ್ಧವಾಗುವ ಮೊದಲೇ ದಾಳಿಕೋರರು ಬಳಸತೊಡಗಿದ್ದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಘಟಕವನ್ನು ಯಾವ ಪುಟದಲ್ಲಿಯೂ ಬಳಸದಿದ್ದ ತಾಣಗಳಿಗೂ ಅಪಾಯ ತಟ್ಟುವಂತಿತ್ತು. ಸಂಗ್ರಹ ಸಕ್ರಿಯವಾಗಿದ್ದುದೇ ಸಾಕಾಗಿತ್ತು. ಹಣ ಕೊಟ್ಟು ಪಡೆದದ್ದು ಸುರಕ್ಷಿತ, ಬಳಸದೇ ಇದ್ದದ್ದು ನಿರಪಾಯ ಎಂಬ ಎರಡು ನಂಬಿಕೆಗಳೂ ಆ ಪ್ರಕರಣದಲ್ಲಿ ಹುಸಿಯಾದವು. ಬಳಸದ ಆಡ್-ಆನ್ ಅನ್ನು ನಿಷ್ಕ್ರಿಯಗೊಳಿಸಿ ಬಿಡದೆ, ತಾಣದಿಂದ ಅಳಿಸಿಹಾಕಬೇಕು.

ಪಂಚಾಯತಿಯ ತಾಣ ಸಣ್ಣದು, ಅದರ ಮೇಲೆ ಯಾರು ದಾಳಿ ಮಾಡುತ್ತಾರೆ ಎಂಬ ಪ್ರಶ್ನೆ ಸಹಜ. ದಾಳಿ ನಡೆಸುವುದು ಯಂತ್ರ. ಅದು ತಾಣದ ಗಾತ್ರ ನೋಡುವುದಿಲ್ಲ, ದೋಷವಿದೆಯೇ ಎಂದಷ್ಟೇ ನೋಡುತ್ತದೆ. ವಶವಾದ ತಾಣದಲ್ಲಿ ನಕಲಿ ಪಾವತಿ ಪುಟವನ್ನು ಇರಿಸಿದರೆ, ಪಂಚಾಯತಿಯ ಹೆಸರನ್ನು ನಂಬಿ ಮನೆ ತೆರಿಗೆ ಕಟ್ಟಲು ಬಂದ ನಾಗರಿಕ ಹಣ ಕಳೆದುಕೊಳ್ಳುತ್ತಾನೆ. ತಾಣಕ್ಕೆ ಅಕ್ರಮ ಪ್ರವೇಶವಾದದ್ದು ಅಥವಾ ಅದರ ಪುಟಗಳನ್ನು ವಿರೂಪಗೊಳಿಸಿದ್ದು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಈ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಐದು: ಬಿಡಿಸಿಕೊಳ್ಳಲಾಗದ ಗಂಟು

ಆಡ್-ಆನ್ ಘಟಕದೊಳಗೆ ಬರೆದ ಮಾಹಿತಿಯು ಆ ಆಡ್-ಆನ್ ಇರುವವರೆಗೆ ಮಾತ್ರ ಪುಟದಲ್ಲಿ ಕಾಣುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿದ ಕ್ಷಣ ಆ ಕೋಷ್ಟಕ, ಆ ಪಟ್ಟಿ ಪುಟದಿಂದ ಮರೆಯಾಗುತ್ತದೆ. ಶುಲ್ಕಸಹಿತ ಆಡ್-ಆನ್‌ನ ವಾರ್ಷಿಕ ಪರವಾನಗಿ ಮುಗಿದರೆ ಘಟಕ ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಹೊಸ ಆವೃತ್ತಿಗಳು ಬರುವುದು ಸಾಮಾನ್ಯವಾಗಿ ನಿಂತುಹೋಗುತ್ತದೆ. ಹೊರಗಿನಿಂದ ನೋಡಿದರೆ ತಾಣ ಎಂದಿನಂತೆಯೇ ಇರುವುದರಿಂದ, ಅದರ ಭದ್ರತೆ ಕ್ಷೀಣಿಸುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಪರವಾನಗಿ, ಡೊಮೈನ್ ಹೆಸರು, ನಿರ್ವಾಹಕ ಪಾಸ್‌ವರ್ಡ್ ಈ ಮೂರೂ ಗುತ್ತಿಗೆದಾರರ ಹೆಸರಿನಲ್ಲಿಯೇ ಉಳಿದುಬಿಟ್ಟಾಗ ಸಮಸ್ಯೆ ತೀವ್ರವಾಗುತ್ತದೆ. ಗ್ರಾಮ ಪಂಚಾಯತಿಯ ಚುನಾಯಿತ ಅವಧಿ ಐದು ವರ್ಷ. ಆ ನಡುವೆ ಅಭಿವೃದ್ಧಿ ಅಧಿಕಾರಿಗಳಿಗೆ ವರ್ಗಾವಣೆಯಾಗಬಹುದು, ಗಣಕಯಂತ್ರ ನಿರ್ವಾಹಕರು ಬದಲಾಗಬಹುದು. ಕೀಲಿಕೈ ಯಾರೊಬ್ಬರ ವೈಯಕ್ತಿಕ ಮೊಬೈಲ್ ಸಂಖ್ಯೆಗೆ ಅಥವಾ ಇಮೇಲ್ ವಿಳಾಸಕ್ಕೆ ಜೋಡಣೆಯಾಗಿದ್ದರೆ, ಅವರು ಹೋದ ದಿನ ತಾಣವೂ ಪಂಚಾಯತಿಯ ಕೈತಪ್ಪಿದಂತೆಯೇ.

ಜಿಲ್ಲೆಯ ಮಟ್ಟದ ಮಾದರಿ

ಯಾದಗಿರಿ ಜಿಲ್ಲೆಯ ಅಧಿಕೃತ ಜಾಲತಾಣವು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ಸರ್ಕಾರಿ ಸಂಸ್ಥೆಗಳಿಗಾಗಿ ರೂಪಿಸಿರುವ ಎಸ್3ವಾಸ್ ವ್ಯವಸ್ಥೆಯಲ್ಲಿದೆ. ಅಲ್ಲಿ ಕೆಲಸದ ವಿಂಗಡಣೆ ಸ್ಪಷ್ಟವಾಗಿದೆ. ಪುಟದಲ್ಲಿರುವ ವಿಷಯದ ಒಡೆತನ ಜಿಲ್ಲಾಡಳಿತದ್ದು. ತಾಣದ ಅಭಿವೃದ್ಧಿ ಮತ್ತು ಆತಿಥ್ಯ ಎನ್‌ಐಸಿಯದು. ಅಲಂಕಾರದ ಆಯ್ಕೆಗಳಿಗೆ ಅಲ್ಲಿ ಮಿತಿಯಿದೆ. ಆ ಮಿತಿಗೆ ಪ್ರತಿಯಾಗಿ, ತಂತ್ರಾಂಶವನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಯಾರೆಂಬುದರಲ್ಲಿ ಗೊಂದಲವಿಲ್ಲ.

ಗ್ರಾಮ ಪಂಚಾಯತಿಯ ಬಹುಪಾಲು ದತ್ತಾಂಶವೂ ಈಗಾಗಲೇ ಸರ್ಕಾರಿ ವ್ಯವಸ್ಥೆಗಳಲ್ಲಿದೆ. ಆಸ್ತಿಗಳ ನಮೂನೆ 9 ಮತ್ತು 11 ಇ-ಸ್ವತ್ತಿನಲ್ಲಿ, ತೆರಿಗೆ ಹಾಗೂ ಆಡಳಿತದ ವಿವರಗಳು ಪಂಚತಂತ್ರದಲ್ಲಿ, ಯೋಜನೆ ಮತ್ತು ಲೆಕ್ಕಪತ್ರಗಳು 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್‌ನಲ್ಲಿ ಇವೆ. ಪಂಚಾಯತಿಯು ಸ್ವಂತ ತಾಣ ಹೊಂದಿದರೂ ಇವುಗಳನ್ನು ಅಲ್ಲಿಗೆ ನಕಲು ಮಾಡಬೇಕಾಗಿಲ್ಲ. ಅಲ್ಲಿಗೆ ಹೋಗುವ ಕೊಂಡಿಯನ್ನು ನೀಡಿದರೆ ಸಾಕು. ಸ್ವಂತ ತಾಣದಲ್ಲಿ ಇರಬೇಕಾದದ್ದು ಗ್ರಾಮ ಸಭೆ ಮತ್ತು ವಾರ್ಡ್ ಸಭೆಯ ಸೂಚನೆಗಳು, ನಡವಳಿಗಳು, ಪಟ್ಟಿಗಳು, ಸಂಪರ್ಕ ವಿವರ ಮತ್ತು 4(1)(ಬಿ) ಮಾಹಿತಿ. ಇವಕ್ಕೆ ಸಂಪಾದಕದ ಮೂಲ ಘಟಕಗಳೇ ಸಾಕು. ಪಟ್ಟಿಗಳನ್ನು ಪ್ರಕಟಿಸುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಎಂದಿಗೂ ಸೇರಿಸಬಾರದು. ಆಧಾರ್ ಸಂಖ್ಯೆಯ ಬಹಿರಂಗ ಪ್ರದರ್ಶನವನ್ನು ಆಧಾರ್ ಅಧಿನಿಯಮ, 2016 ನಿಷೇಧಿಸಿದೆ.

ಅನುಮೋದನೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಜಾಲತಾಣದ ಪ್ರಸ್ತಾವನೆ ಪಂಚಾಯತಿ ಸಭೆಯ ಮುಂದೆ ಬಂದಾಗ ಸದಸ್ಯರು ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಸೂಕ್ತ.

1. ಡೊಮೈನ್ ಹೆಸರು ಪಂಚಾಯತಿಯ ಹೆಸರಿನಲ್ಲಿ ನೋಂದಣಿಯಾಗುವುದೇ? ಅದು ಸರ್ಕಾರಿ ಸಂಸ್ಥೆಗಳಿಗೆ ಮೀಸಲಾದ ಗವ್ ಡಾಟ್ ಇನ್ ಡೊಮೈನ್ ಆಗಿರುವುದೇ?

2. ಯಾವ ಯಾವ ಆಡ್-ಆನ್‌ಗಳನ್ನು ಬಳಸಲಾಗುತ್ತದೆ? ಪ್ರತಿಯೊಂದರಿಂದ ನಾಗರಿಕರಿಗೆ ಆಗುವ ಪ್ರಯೋಜನವೇನು? ಅದಿಲ್ಲದೆ ಅದೇ ಕೆಲಸ ಸಾಧ್ಯವಿಲ್ಲವೇ?

3. ಶುಲ್ಕಸಹಿತ ಆಡ್-ಆನ್ ಇದ್ದರೆ ಪರವಾನಗಿ ಯಾರ ಹೆಸರಿನಲ್ಲಿದೆ? ಎಂದು ಮುಗಿಯುತ್ತದೆ? ಮುಂದಿನ ವರ್ಷಗಳ ಶುಲ್ಕ ಎಷ್ಟು?

4. ಭದ್ರತಾ ನವೀಕರಣ ಬಂದ ಎಷ್ಟು ದಿನಗಳೊಳಗೆ, ಯಾರು ಅದನ್ನು ಅಳವಡಿಸುತ್ತಾರೆ? ಮೊದಲು ಪರೀಕ್ಷಾ ಪ್ರತಿಯ ಮೇಲೆ ನೋಡುತ್ತಾರೆಯೇ?

5. ತಾಣದ ಪೂರ್ಣ ಬ್ಯಾಕಪ್ ಎಲ್ಲಿರುತ್ತದೆ? ಆ ಬ್ಯಾಕಪ್‌ನಿಂದ ತಾಣವನ್ನು ಮರಳಿ ಕಟ್ಟಿ ನೋಡಲಾಗಿದೆಯೇ?

6. ಎಲ್ಲ ಪಠ್ಯವೂ ಯೂನಿಕೋಡ್ ಕನ್ನಡದಲ್ಲಿದೆಯೇ? ಕಡಿಮೆ ಬೆಲೆಯ ಮೊಬೈಲಿನಲ್ಲಿ, ಕಚೇರಿಯ ವೈಫೈ ಇಲ್ಲದೆ, ಗ್ರಾಮದಲ್ಲಿಯೇ ತೆರೆದು ತೋರಿಸುವರೇ?

7. ಒಪ್ಪಂದ ಮುಗಿದಾಗ ಪಾಸ್‌ವರ್ಡ್, ಬ್ಯಾಕಪ್, ಪರವಾನಗಿಗಳನ್ನು ಯಾರಿಗೆ, ಯಾವ ರೀತಿ ಹಸ್ತಾಂತರಿಸುತ್ತಾರೆ?

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲಿ ನಡೆಯುವುದರಿಂದ ಈ ಅಂಶಗಳನ್ನು ಷರತ್ತುಗಳಲ್ಲಿಯೇ ಸೇರಿಸಬಹುದು. ನಿರ್ಮಾಣದ ವೆಚ್ಚದೊಂದಿಗೆ ಮೂರು ವರ್ಷಗಳ ನಿರ್ವಹಣಾ ವೆಚ್ಚವನ್ನೂ ಕೇಳಿ ಹೋಲಿಸಿದರೆ, ಆರಂಭದಲ್ಲಿ ಅಗ್ಗವೆನಿಸಿದ ದರ ನಿಜವಾಗಿಯೂ ಅಗ್ಗವೇ ಎಂಬುದು ತಿಳಿಯುತ್ತದೆ.

ಈಗಾಗಲೇ ತಾಣ ಹೊಂದಿರುವ ಪಂಚಾಯತಿಗಳು ಮೂರು ಕೆಲಸಗಳನ್ನು ಕೂಡಲೇ ಕೈಗೊಳ್ಳಬಹುದು. ಸ್ಥಾಪಿತವಾಗಿರುವ ಆಡ್-ಆನ್‌ಗಳ ಪಟ್ಟಿ ಮಾಡಿ ಬೇಡವಾದವನ್ನು ಅಳಿಸುವುದು. ನಿರ್ವಾಹಕ ಖಾತೆಯನ್ನು ಕಚೇರಿಯ ಅಧಿಕೃತ ಇಮೇಲಿಗೆ ಜೋಡಿಸಿ ಪಾಸ್‌ವರ್ಡ್ ಬದಲಾಯಿಸುವುದು. ಕೀಲಿಗಳ ವಿವರವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಕಚೇರಿಯ ಪ್ರಭಾರ ಹಸ್ತಾಂತರ ಪಟ್ಟಿಗೆ ಸೇರಿಸುವುದು. ಕಚೇರಿಯ ಬೀರುವಿನ ಬೀಗದಕೈಯನ್ನು ಪ್ರಭಾರ ಪಟ್ಟಿಯಲ್ಲಿ ದಾಖಲಿಸುವ ಪದ್ಧತಿ ಇರುವಾಗ, ಜಾಲತಾಣದ ಕೀಲಿಗೂ ಅದೇ ಗೌರವ ಸಲ್ಲಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಪಂಚಾಯತಿಯು ಐದು ವರ್ಷ ನೋಡಿಕೊಳ್ಳಬಲ್ಲಷ್ಟನ್ನು ಮಾತ್ರ ತನ್ನ ತಾಣಕ್ಕೆ ಸೇರಿಸಿಕೊಳ್ಳುವುದು ವಿವೇಕ. ಚಲಿಸುವ ಶೀರ್ಷಿಕೆ ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ಗ್ರಾಮ ಸಭೆಯ ದಿನಾಂಕ ಸರಿಯಾದ ಕನ್ನಡದಲ್ಲಿ, ಸಕಾಲದಲ್ಲಿ, ದೂರದ ಊರಿನಲ್ಲಿರುವವರ ಮೊಬೈಲಿನಲ್ಲಿ ತೆರೆದುಕೊಂಡರೆ ಆ ತಾಣ ತನ್ನ ಕೆಲಸ ಮಾಡಿದಂತೆ. ಮಾನ್ಯ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು ಸೂಕ್ತ ನಿರ್ಣಯ ಕೈಗೊಳ್ಳಬೇಕೆಂದು ಕೋರಲಾಗಿದೆ.